ಬೋರಮಾಳ ಅಡ ಇಡುವ ಮೊದಲು

ಪ್ರಶ್ನೆ: ನಮ್ದು ದೇವದುರ್ಗ ತಾಲೂಕಿನ ಒಂದು ಸಣ್ಣ ಊರು. ನಮ್ಮಪ್ಪಗ ಈಗ ಐವತ್ತೆರಡು ವರ್ಷ. ನಾನು ಸಣ್ಣಾವ ಇದ್ದಾಗಿಂದ ಗುಳೆ ಹೋಗಿ ಕಲ್ಲಿನ ಕೆಲಸಾನ ಮಾಡ್ಯಾನ. ಮೊದಲು ಕ್ರಷರ್‌ದಾಗ, ಆಮ್ಯಾಲ ಬೆಂಗಳೂರಾಗ ಗ್ರಾನೈಟ್ ಕಟಿಂಗ್. ಎರಡು ವರ್ಷದಿಂದ ಕೆಮ್ಮು, ದಮ್ಮು. ಹೊಲಕ್ಕ ಹೋಗಿ ಬರೂದ್ರಾಗ ಮೂರು ಕಡಿ ಕುಂದರತಾನ. ಎಕ್ಸ್‌ರೇ ನೋಡಿ ಟಿ.ಬಿ. ಅಂದ್ರು. ಕಫದಾಗ ಏನೂ ಬಂದಿರಲಿಲ್ಲ, ಆದ್ರೂ ಆರು ತಿಂಗಳ ಗುಳಿಗಿ ನುಂಗಿದ. ದಮ್ಮು ಹಂಗ ಅದ. ಬೆಂಗಳೂರಾಗಿರೋ ನಮ್ಮ ದೊಡ್ಡಪ್ಪನ ಮಗ ಒಂದು ವಿಡಿಯೋ ಕಳಿಸ್ಯಾನ. ಯಾವುದೋ ಗ್ಯಾಸ್ ಕುಡಿಸಿ ಎಂಆರ್‌ಐ ಮಾಡಿದ್ರ ಪುಪ್ಪಸ ಎಷ್ಟು ಕೆಲಸ ಮಾಡ್ತದ, ಎಲ್ಲಿ ಮಾಡಂಗಿಲ್ಲ ಅಂತ ಬಣ್ಣದ ಫೋಟೋದಾಗ ಕಾಣ್ತದಂತ. ಬೆಂಗಳೂರಿಗೆ ಕರ್ಕೊಂಡು ಬಾ ಅಂತಾನ. ಅವ್ವ ತನ್ನ ಬೋರಮಾಳ ಅಡ ಇಡ್ತೀನಿ ಅಂತ ಕುಂತಾಳ. ಹೋಗಬೇಕೇನ್ರಿ? ಇನ್ನೊಂದು ಮಾತು. ನನ್ನ ತಮ್ಮ ಈ ಸಲ ಜ್ವಾಳ ಬಿತ್ತಿದ ಮ್ಯಾಲ ಅದಾ ಕೆಲಸಕ್ಕ ಹೊಂಟಾನ. ಹ್ಯಾಂಗ ತಡೀಲಿ ತಿಳೀವಲ್ದು.

ಉತ್ತರ:

ತಮ್ಮಾ, ಅವ್ವನ ಬೋರಮಾಳ ಕೊರಳಲ್ಲೇ ಇರಲಿ. ನಿಮ್ಮಪ್ಪನಿಗೆ ಪರೀಕ್ಷೆಗಳು ಬೇಕು, ಬೇಗ ಬೇಕು. ಆದರೆ ಆ ಪಟ್ಟಿಯಲ್ಲಿ ಎಂಆರ್‌ಐ ಇಲ್ಲ.

ನಿಮ್ಮ ಅಣ್ಣ ಸುಳ್ಳು ಹೇಳಿಲ್ಲ. ಅವನು ನೋಡಿದ್ದು ನಿಜವಾದ ವಿಜ್ಞಾನ, ಅದೂ ಬಹಳ ಸೊಗಸಾದದ್ದು. ತೊಡಕು ಇರುವುದು ಬೇರೆ ಕಡೆ. ವಿಡಿಯೋದಲ್ಲಿ ಕಂಡ ಎಂಆರ್‌ಐಯೂ ನೀವು ಬೆಂಗಳೂರಿಗೆ ಹೋಗಿ ಸ್ಕ್ಯಾನಿಂಗ್ ಸೆಂಟರಿನಲ್ಲಿ ದುಡ್ಡು ಕಟ್ಟಿ ಮಾಡಿಸುವ ಎಂಆರ್‌ಐಯೂ ಒಂದೇ ಅಲ್ಲ. ಹೆಸರು ಒಂದೇ ಆಗಿರುವುದರಿಂದ, ಚೀಟಿ ಬರೆಯುವ ಪುಣ್ಯಾತ್ಮರು ಸಿಕ್ಕರೆ ಎದೆಯ ಎಂಆರ್‌ಐ ಆಗಿಬಿಡುತ್ತದೆ, ಏಳೆಂಟು ಸಾವಿರ ಹೋಗುತ್ತದೆ, ವರದಿ ಕೈಗೆ ಬರುತ್ತದೆ. ದಮ್ಮು ಯಾಕೆ ಬರುತ್ತಿದೆ ಎಂಬ ಪ್ರಶ್ನೆ ಮಾತ್ರ ದೇವದುರ್ಗಕ್ಕೆ ವಾಪಸ್ ಬಸ್ ಹತ್ತುತ್ತದೆ.

ಇದು ಯಾಕೆ ಹೀಗೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಾಳೆ ಅಣ್ಣನ ಜೊತೆ ವಾದ ಮಾಡಬೇಕಾದವನು ನೀನೇ ತಾನೆ.

ಎಂಆರ್‌ಐ ಯಂತ್ರ ಒಂದು ದೊಡ್ಡ ಅಯಸ್ಕಾಂತ. ಸಾಮಾನ್ಯವಾಗಿ ಅದರ ಬಲ 1.5 ಟೆಸ್ಲಾ, ಅಂದರೆ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಅದು ಮೈಯೊಳಗಿನ ನೀರಿನಲ್ಲಿರುವ ಜಲಜನಕದ ಕಣಗಳನ್ನು ರೇಡಿಯೋ ತರಂಗದಿಂದ ಕೆಣಕಿ, ಅವು ಹಿಂದಿರುಗಿಸುವ ಸಣ್ಣ ಸದ್ದನ್ನು ಹಿಡಿದು ಚಿತ್ರ ಮಾಡುತ್ತದೆ. ಮಿದುಳು, ಬೆನ್ನುಹುರಿ, ಮೊಣಕಾಲು ಎಲ್ಲ ನೀರು ತುಂಬಿದ ಅಂಗಗಳು, ಹಾಗಾಗಿ ಚಿತ್ರ ಅಚ್ಚುಕಟ್ಟು. ಪುಪ್ಪಸದ ಕಥೆ ಬೇರೆ. ಒಂದು ಕಿಲೋ ಆಸುಪಾಸಿನ ಮಾಂಸ ಮತ್ತು ರಕ್ತ ಐದಾರು ಲೀಟರ್ ಗಾಳಿಯ ಸುತ್ತ ತೆಳ್ಳಗೆ ಹರಡಿಕೊಂಡಿರುವ ಅಂಗ ಅದು. ನೀರೇ ಕಡಿಮೆ, ಸದ್ದೂ ಕಡಿಮೆ. ಸಾಲದ್ದಕ್ಕೆ ಅಲ್ಲಿ ಕೋಟಿಗಟ್ಟಲೆ ಗಾಳಿಗೂಡುಗಳು. ಒಂದೊಂದು ಗೂಡಿನ ಅಂಚಿನಲ್ಲೂ ಗಾಳಿ ಮತ್ತು ಮಾಂಸ ಮುಟ್ಟುವಲ್ಲಿ ಕಾಂತಕ್ಷೇತ್ರ ಸೊಟ್ಟಗಾಗುತ್ತದೆ, ಬಂದ ಸದ್ದು ಸೆಕೆಂಡಿನ ಸಾವಿರದ ಒಂದೆರಡು ಭಾಗದಷ್ಟರಲ್ಲಿ ಸತ್ತುಹೋಗುತ್ತದೆ. ಮೇಲಿಂದ ಉಸಿರು ನಿಲ್ಲದು, ಎದೆಬಡಿತ ನಿಲ್ಲದು, ಚಿತ್ರ ಅಲ್ಲಾಡುತ್ತದೆ. ಇದರಿಂದ ಮಾಮೂಲಿ ಎಂಆರ್‌ಐನಲ್ಲಿ ಪುಪ್ಪಸಗಳು ಎರಡು ಕಪ್ಪು ಗುಂಡಿಗಳ ಹಾಗೆ ಕಾಣುತ್ತವೆ. ಎದೆಗೂಡಿನ ಗೋಡೆಗೆ ಗಡ್ಡೆ ಹಬ್ಬಿದೆಯೇ, ಹೃದಯ ಹೇಗಿದೆ ಎಂದು ನೋಡಲು ವೈದ್ಯರು ಎದೆಯ ಎಂಆರ್‌ಐ ಬರೆಯುತ್ತಾರೆ, ಅದು ಸರಿಯೂ ಹೌದು. ಗಾಳಿ ಒಳಗೆ ಎಷ್ಟು ಆಡುತ್ತಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಈ ಕಪ್ಪು ಗುಂಡಿಗೆ ದೀಪ ಹಚ್ಚುವ ಉಪಾಯ 1994ರಲ್ಲಿ ಕಂಡಿತು. ಅಮೆರಿಕದ ಸ್ಟೋನಿ ಬ್ರೂಕ್ ಮತ್ತು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಇಲಿಯ ಪುಪ್ಪಸದೊಳಗೆ ಕ್ಸೆನಾನ್ ಎಂಬ ಅನಿಲ ತುಂಬಿ ಎಂಆರ್‌ಐ ಮಾಡಿದರು. ಪುಪ್ಪಸದ ಮಾಂಸದಲ್ಲಿ ಸದ್ದಿಲ್ಲದಿದ್ದರೆ ಒಳಗಿನ ಗಾಳಿಯಿಂದಲೇ ಸದ್ದು ತರಿಸೋಣ ಎಂಬುದು ಅವರ ಯೋಚನೆ. ಸುಮ್ಮನೆ ತಂದ ಕ್ಸೆನಾನ್ ಕೆಲಸಕ್ಕೆ ಬಾರದು. ಲೇಸರ್ ಬೆಳಕು ಮತ್ತು ರುಬಿಡಿಯಂ ಎಂಬ ಲೋಹದ ಆವಿಯ ನೆರವಿನಿಂದ ಅದರ ಕಣಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಬೇಕು, ಆಗ ಸದ್ದು ಸಾವಿರಾರು ಪಟ್ಟು ಏರುತ್ತದೆ. ಹೀಗೆ ಸಿದ್ಧವಾದ ಅನಿಲವನ್ನು ಒಂದು ಚೀಲದಲ್ಲಿ ತಂದು ಕೊಡುತ್ತಾರೆ. ರೋಗಿ ಅದನ್ನು ಎಳೆದುಕೊಂಡು ಹತ್ತು ಹದಿನೈದು ಸೆಕೆಂಡು ಉಸಿರು ಬಿಗಿಹಿಡಿದು ಮಲಗಬೇಕು. ಅಷ್ಟರಲ್ಲಿ ಚಿತ್ರ ಮುಗಿಯುತ್ತದೆ. ಗಾಳಿ ತಲುಪಿದ ಜಾಗ ಬೆಳ್ಳಗೆ, ತಲುಪದ ಜಾಗ ಕಪ್ಪಗೆ. ಅಣ್ಣ ಕಂಡ ಬಣ್ಣ ಇದೇ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಹಚ್ಚಿದ್ದು.

ಕ್ಸೆನಾನಿಗೆ ಇನ್ನೊಂದು ಗುಣವಿದೆ. ಅದು ಗಾಳಿಗೂಡಿನ ಗೋಡೆ ದಾಟಿ ರಕ್ತದಲ್ಲೂ ಕರಗುತ್ತದೆ. ಗೋಡೆಯಲ್ಲಿರುವಾಗ ಒಂದು ಸದ್ದು, ಕೆಂಪು ರಕ್ತಕಣದಲ್ಲಿರುವಾಗ ಇನ್ನೊಂದು ಸದ್ದು. ಹಾಗಾಗಿ ಗಾಳಿ ಬಂತೇ ಎಂಬುದರ ಜೊತೆಗೆ ರಕ್ತಕ್ಕೆ ಇಳಿಯಿತೇ ಎಂಬುದೂ ತಿಳಿಯುತ್ತದೆ. ಕೊರೊನಾ ಬಂದು ಹೋದ ಮೇಲೂ ಏದುಸಿರು ಬಿಡುತ್ತಿದ್ದ ಕೆಲವರ ಸಿಟಿ ಸ್ಕ್ಯಾನ್ ಸರಿಯಾಗಿಯೇ ಕಾಣುತ್ತಿತ್ತು. ಅಂಥವರಲ್ಲಿ ಗಾಳಿ ರಕ್ತಕ್ಕೆ ಸರಿಯಾಗಿ ದಾಟುತ್ತಿಲ್ಲ ಎಂದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಶೆಫೀಲ್ಡ್‌ನ ತಂಡಗಳು ಇದೇ ವಿಧಾನದಿಂದ ಕಂಡವು. ಡಾಕ್ಟರು "ಎಲ್ಲ ನಾರ್ಮಲ್ ಇದೆ" ಎಂದು ಮನೆಗೆ ಕಳಿಸಿದವರಿಗೆ ಇದು ಎಷ್ಟು ದೊಡ್ಡ ಸಮಾಧಾನ ಆಗಿರಬೇಕು ನೋಡು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಪುಪ್ಪಸದ ಗಾಳಿಯಾಟ ನೋಡಲು ಕ್ಸೆನಾನ್ ಬಳಸಲು ಒಪ್ಪಿಗೆ ಕೊಟ್ಟದ್ದು 2022ರ ಡಿಸೆಂಬರಿನಲ್ಲಿ, ಅಂದರೆ ಮೊನ್ನೆ ಮೊನ್ನೆ. ಅನಿಲವನ್ನು ಸಿದ್ಧಮಾಡುವ ಯಂತ್ರ ಬೇರೆ, ಅದರ ಸದ್ದು ಹಿಡಿಯುವ ಸಲಕರಣೆ ಬೇರೆ. ಸ್ಕ್ಯಾನಿಂಗ್ ಸೆಂಟರಿನ ಮಾಮೂಲಿ ಯಂತ್ರ ಕ್ಸೆನಾನಿನ ಸದ್ದಿಗೆ ಕಿವುಡು. ರಾಯಚೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಡಾಕ್ಟರು ಬರೆದುಕೊಟ್ಟ ಮರುದಿನ ಹೋಗಿ ಮಾಡಿಸಿಕೊಂಡು ಬರುವ ಪರೀಕ್ಷೆ ಇದಲ್ಲ.

ಅನಿಲ ಇಲ್ಲದೆ ಮಾಡುವ ದಾರಿಯೂ ಒಂದಿದೆ. ರೋಗಿ ಸುಮ್ಮನೆ ಉಸಿರಾಡುತ್ತಾ ಮಲಗಿರುವಾಗ ಸೆಕೆಂಡಿಗೆ ಹಲವು ಚಿತ್ರ ತೆಗೆದು, ಉಸಿರಿನ ಜೊತೆ ಪುಪ್ಪಸದ ಯಾವ ಭಾಗ ಎಷ್ಟು ಮಸುಕಾಗುತ್ತದೆ, ಎದೆಬಡಿತದ ಜೊತೆ ಎಷ್ಟು ಬೆಳಗುತ್ತದೆ ಎಂದು ಲೆಕ್ಕ ಹಾಕುವುದು. ಜರ್ಮನಿಯಲ್ಲಿ ಇದರ ಮೇಲೆ ಬಹಳ ಕೆಲಸ ನಡೆದಿದೆ. ವಿಕಿರಣ ಇಲ್ಲ, ಸೂಜಿ ಇಲ್ಲ, ಉಸಿರು ಬಿಗಿಹಿಡಿಯಬೇಕಾಗಿಲ್ಲ. ಹುಟ್ಟಿನಿಂದಲೇ ಪುಪ್ಪಸದ ಕಾಯಿಲೆ ಇದ್ದು ಮತ್ತೆ ಮತ್ತೆ ಪರೀಕ್ಷೆ ಬೇಕಾಗುವ ಮಕ್ಕಳಿಗೆ ಇದು ವರ. ಮುಂದೊಂದು ದಿನ ನಮ್ಮ ಕಡೆಗೂ ಬರುತ್ತದೆ ಎಂದು ನನಗೆ ಅನ್ನಿಸುತ್ತದೆ, ಯಾಕೆಂದರೆ ಇದಕ್ಕೆ ಹೊಸ ಯಂತ್ರಕ್ಕಿಂತ ಹೆಚ್ಚಾಗಿ ಹೊಸ ಲೆಕ್ಕಾಚಾರ ಸಾಕು.

ಸರಿ, ಅಂಥ ಯಂತ್ರ ನಾಳೆಯೇ ದೇವದುರ್ಗದ ಬಸ್ ಸ್ಟ್ಯಾಂಡ್ ಮುಂದೆ ಬಂದು ನಿಂತಿತು ಅಂದುಕೊ. ಆಗಲೂ ನಿಮ್ಮಪ್ಪನನ್ನು ಮೊದಲು ಅಲ್ಲಿಗೆ ಕರೆದೊಯ್ಯಬೇಡ ಎಂದೇ ಹೇಳುತ್ತೇನೆ. ನಾರಾಯಣಪುರ ಬಲದಂಡೆ ಕಾಲುವೆ ನಿನಗೆ ಗೊತ್ತು. ಗೇಟಿನ ಹತ್ತಿರ ಅಳತೆಪಟ್ಟಿ ನೋಡಿದರೆ ಒಟ್ಟು ಎಷ್ಟು ನೀರು ಹರಿಯುತ್ತಿದೆ ಎಂದು ತಿಳಿಯುತ್ತದೆ. ಕೊನೆಭಾಗದ ಯಾವ ರೈತನ ಹೊಲಕ್ಕೆ ನೀರು ಮುಟ್ಟಲಿಲ್ಲ ಎಂದು ತಿಳಿಯಬೇಕಾದರೆ ಉಪಕಾಲುವೆ ಹಿಡಿದು ನಡೆಯಬೇಕು. ವಿಡಿಯೋದ ಎಂಆರ್‌ಐ ಮಾಡುವುದು ಈ ಎರಡನೆಯ ಕೆಲಸ. ನಿಮ್ಮಪ್ಪನ ವಿಷಯದಲ್ಲಿ ಗೇಟಿನ ಅಳತೆಯನ್ನೇ ಯಾರೂ ಇನ್ನೂ ನೋಡಿಲ್ಲ.

ಆ ಅಳತೆಯ ಹೆಸರು ಸ್ಪೈರೋಮೆಟ್ರಿ. ಆಸ್ಪತ್ರೆಯಲ್ಲಿ ಪಿಎಫ್‌ಟಿ ಅಂತಲೂ ಅನ್ನುತ್ತಾರೆ, "ಊದೋ ಟೆಸ್ಟ್" ಅಂದರೂ ಅರ್ಥವಾಗುತ್ತದೆ. ಇದು ಹಳೆಯ ಪರೀಕ್ಷೆ. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿದ ಡಬ್ಬಿಯೊಳಗೆ ಎರಡು ಸಾವಿರಕ್ಕೂ ಹೆಚ್ಚು ಜನರಿಂದ ಊದಿಸಿ ಪುಪ್ಪಸದ ಅಳತೆ ಪ್ರಕಟಿಸಿದ. ನಾವಿಕರು, ಪೊಲೀಸರು, ಕುಸ್ತಿಪಟುಗಳು, ಯಾರನ್ನೂ ಬಿಡಲಿಲ್ಲ. ಈಗಿನ ಯಂತ್ರ ಅಂಗೈಯಲ್ಲಿ ಹಿಡಿಸುತ್ತದೆ. ಖಾಸಗಿಯಲ್ಲಿ ಮಾಡಿಸಿದರೂ ಸಾಮಾನ್ಯವಾಗಿ ಸಾವಿರ ರೂಪಾಯಿಯ ಒಳಗೆ ಮುಗಿಯುತ್ತದೆ.

ಮಾಡುವ ವಿಧಾನವನ್ನು ಮನೆಯಲ್ಲೇ ಅಪ್ಪನಿಗೆ ತಿಳಿಸಿ ಒಯ್ಯಿ. ಅರ್ಧಂಬರ್ಧ ಊದಿದರೆ ವರದಿ ಹಾಳು, ರೋಗ ಇಲ್ಲದಿದ್ದರೂ ಇದೆ ಎಂದು ಬರುತ್ತದೆ. ಎದೆ ತುಂಬ ಗಾಳಿ ಎಳೆದುಕೊಂಡು, ಕೊಳವೆಯ ಸುತ್ತ ತುಟಿ ಬಿಗಿಮಾಡಿ, ಒಮ್ಮೆಲೇ ಜೋರಾಗಿ ಊದಬೇಕು. ಊದುತ್ತಲೇ ಇರಬೇಕು, ಆರು ಸೆಕೆಂಡಾದರೂ, ಇನ್ನು ಒಳಗೆ ಏನೂ ಇಲ್ಲ ಅನ್ನುವ ತನಕ. ಹೀಗೆ ಕನಿಷ್ಠ ಮೂರು ಸಲ, ಮೂರೂ ಹೆಚ್ಚುಕಡಿಮೆ ಒಂದೇ ಥರ ಬರಬೇಕು. ಆಮೇಲೆ ಉಸಿರುನಾಳ ಅಗಲಿಸುವ ಔಷಧಿ ಎಳೆಸಿ, ಹದಿನೈದು ನಿಮಿಷ ಕೂರಿಸಿ, ಮತ್ತೆ ಊದಿಸುತ್ತಾರೆ. ಒಟ್ಟು ಊದಿದ ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿನಲ್ಲೇ ಎಷ್ಟು ಹೊರಬಂತು ಎಂಬುದೇ ಮುಖ್ಯ ಲೆಕ್ಕ. ಔಷಧಿ ಎಳೆದ ಮೇಲೂ ಅದು ನೂರಕ್ಕೆ 70ಕ್ಕಿಂತ ಕಡಿಮೆ ಇದ್ದರೆ ನಾಳಗಳು ಕಿರಿದಾಗಿವೆ ಎಂದು ಅರ್ಥ. ಒಟ್ಟು ಗಾಳಿಯೇ ವಯಸ್ಸಿಗೂ ಎತ್ತರಕ್ಕೂ ತಕ್ಕಷ್ಟು ಇಲ್ಲದಿದ್ದರೆ ಪುಪ್ಪಸ ಗಟ್ಟಿಯಾಗಿ ಕುಗ್ಗಿರುವ ಸಂಶಯ. ಕಲ್ಲಿನ ಕೆಲಸದವರಲ್ಲಿ ಎರಡೂ ಕೂಡಿ ಬರುವುದುಂಟು. ಇತ್ತೀಚೆಗೆ ಹೃದಯಾಘಾತ ಆಗಿದ್ದರೆ, ಕಣ್ಣಿನ ಪೊರೆ ತೆಗೆಸಿದ್ದರೆ, ಕಫದಲ್ಲಿ ರಕ್ತ ಬರುತ್ತಿದ್ದರೆ ಊದುವ ಮೊದಲೇ ಹೇಳಬೇಕು.

ಇಷ್ಟೆಲ್ಲ ಬರೆದರೂ, ತಮ್ಮಾ, ನಿನ್ನ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಡಿಯೋ ಅಲ್ಲ. ನಿಮ್ಮಪ್ಪ ವರ್ಷಗಟ್ಟಲೆ ಕಲ್ಲು ಕೊಯ್ದಿದ್ದಾರೆ, ಕಫದಲ್ಲಿ ಕ್ಷಯದ ಕ್ರಿಮಿ ಸಿಗಲಿಲ್ಲ, ಎಕ್ಸ್‌ರೇಯಲ್ಲಿ ಕಲೆಗಳು ಕಂಡವು, ಆರು ತಿಂಗಳ ಗುಳಿಗೆಗೆ ದಮ್ಮು ಜಗ್ಗಲಿಲ್ಲ. ಇಷ್ಟು ಓದಿದ ಯಾವ ಎದೆರೋಗ ತಜ್ಞರಿಗೂ ಮೊದಲು ಹೊಳೆಯುವ ಹೆಸರು ಸಿಲಿಕೋಸಿಸ್. ಅದೇ ಎಂದು ನಾನು ಇಲ್ಲಿಂದ ಹೇಳಲಾರೆ, ಹೇಳಲೂಬಾರದು. ಆದರೆ "ನೀವು ಯಾವ ಕೆಲಸ ಮಾಡ್ತಿದ್ರಿ?" ಎಂದು ಯಾರಾದರೂ ಅಪ್ಪನನ್ನು ಕೇಳಿದರೇ? ನಿನ್ನ ಕಾಗದದಲ್ಲಿ ಆ ಸುಳಿವು ಇಲ್ಲ. ಆ ಒಂದು ಪ್ರಶ್ನೆಗೆ ಕಾಸಿನ ಖರ್ಚಿಲ್ಲ. ಅದನ್ನು ಕೇಳದೆ ಯಾವ ಸ್ಕ್ಯಾನ್ ಮಾಡಿಸಿದರೂ ಅಷ್ಟೇ.

ಗ್ರಾನೈಟ್ ಕೊಯ್ಯುವಾಗ, ಕಲ್ಲು ಪುಡಿಮಾಡುವಾಗ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಕಣ್ಣಿಗೆ ಕಾಣುವ ಧೂಳು ಮೂಗು ಗಂಟಲಲ್ಲೇ ನಿಂತು ಕಫದ ಜೊತೆ ಹೊರಬೀಳುತ್ತದೆ. ಅಪಾಯ ಇರುವುದು ಕಾಣದ ಕಣದಲ್ಲಿ, ಕೂದಲ ದಪ್ಪದ ಹತ್ತನೇ ಒಂದು ಪಾಲಿಗಿಂತಲೂ ಸಣ್ಣದರಲ್ಲಿ. ಅದು ಗಾಳಿಗೂಡಿನ ತನಕ ಇಳಿಯುತ್ತದೆ. ಅದನ್ನು ನುಂಗಿ ತೆಗೆಯಲು ಬಂದ ರಕ್ಷಕ ಜೀವಕೋಶಗಳು ತಾವೇ ಸಾಯುತ್ತವೆ, ಸತ್ತ ಜಾಗದಲ್ಲಿ ಗಾಯ, ಗಾಯ ಮಾಗಿ ಗಂಟು. ಸಾಮಾನ್ಯವಾಗಿ ಹತ್ತು ವರ್ಷ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ, ಧೂಳು ಹೆಚ್ಚಿದ್ದರೆ ಇನ್ನೂ ಮುಂಚೆ. ಎಕ್ಸ್‌ರೇಯಲ್ಲಿ ಈ ಗಂಟುಗಳು ಹೆಚ್ಚಾಗಿ ಮೇಲ್ಭಾಗದಲ್ಲೇ ಇರುತ್ತವೆ. ಕ್ಷಯವೂ ಅಲ್ಲೇ ಕೂರುವುದು. ಒಂದನ್ನು ಇನ್ನೊಂದೆಂದು ತಿಳಿಯುವುದು ಸುಲಭ. ಮತ್ತೂ ಕಷ್ಟವೆಂದರೆ ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆ ಉಳಿದವರಿಗಿಂತ ಹಲವು ಪಟ್ಟು. ಒಂದೇ ಎದೆಯಲ್ಲಿ ಎರಡೂ ಇರಬಹುದು. ಅದಕ್ಕೇ ಗುಳಿಗೆ ಕೊಟ್ಟವರನ್ನು ನಾನು ಬೈಯಲಾರೆ.

ಈ ರೋಗ ನಮ್ಮ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಸಿಲಿಕೋಸಿಸ್ ಇದೆ ಎಂಬ ವರದಿ 1934ರಲ್ಲೇ ಬಂದಿತ್ತು. 1940ರಲ್ಲಿ ಮೈಸೂರು ಸಂಸ್ಥಾನ ಅದಕ್ಕೆಂದೇ ಪರಿಹಾರದ ನಿಯಮಗಳನ್ನು ಮಾಡಿತು. 1947ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಲ್ಲಿನ 7,653 ಕಾರ್ಮಿಕರನ್ನು ನೋಡಲಾಗಿತ್ತು, ನೂರಕ್ಕೆ ಸುಮಾರು 44 ಮಂದಿಗೆ ಈ ರೋಗ ಇತ್ತು. ಎಂಆರ್‌ಐ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು, ಬರೀ ಎಕ್ಸ್‌ರೇ ಮತ್ತು ಕೆಲಸದ ವಿವರ ಇಟ್ಟುಕೊಂಡು ಇದನ್ನು ಕಂಡುಹಿಡಿದಿದ್ದರು. ಗಣಿ ಅಂದರೆ ನಮ್ಮ ಜಿಲ್ಲೆಯವರಿಗೆ ಹಟ್ಟಿ, ನಿಮ್ಮ ತಾಲೂಕಿನಲ್ಲೇ ಊಟಿ ಗಣಿ. ಗಣಿಯ ಕಾರ್ಮಿಕನಿಗೆ ಕಾಲಕಾಲಕ್ಕೆ ಎದೆಯ ಪರೀಕ್ಷೆ ಆಗಬೇಕೆಂಬ ಕಾನೂನು ಇದೆ, ಹೆಸರಿನಲ್ಲಿ ಕಡತ ಇರುತ್ತದೆ. ಗುಳೆ ಹೋದವನ ಕಡತ ಎಲ್ಲಿದೆ? ಇವತ್ತು ಈ ಮೇಸ್ತ್ರಿ, ಮುಂದಿನ ಬೇಸಿಗೆಗೆ ಇನ್ನೊಬ್ಬ. ಆ ಕಡತವನ್ನು ನೀನೇ ಬರೆಯಬೇಕು. ಒಂದು ನೋಟ್‌ಬುಕ್ ತಗೊ, ಅಪ್ಪನ ಪಕ್ಕ ಕೂತು ಬರೆದುಕೊ: ಯಾವ ವರ್ಷದಿಂದ ಯಾವ ವರ್ಷದ ತನಕ, ಯಾವ ಊರು, ಯಾರ ಕೆಳಗೆ, ಯಾವ ಕಲ್ಲು, ಕೊರೆಯುವುದೋ ಕೊಯ್ಯುವುದೋ ಪಾಲಿಶೋ, ನೀರು ಬಿಡುತ್ತಿದ್ದರೋ ಒಣಗೇ ಕೊಯ್ಯುತ್ತಿದ್ದರೋ, ಬಾಯಿಗೆ ಏನು ಕಟ್ಟುತ್ತಿದ್ದರು, ಜೊತೆಗಾರರಲ್ಲಿ ಯಾರಿಗೆ ಹೀಗೆ ದಮ್ಮು ಬಂತು. ಕೂಲಿ ಚೀಟಿ, ಕಟ್ಟಡ ಕಾರ್ಮಿಕರ ಕಾರ್ಡು, ಕೆಲಸದ ಜಾಗದ ಹಳೆಯ ಫೋಟೋ, ಏನಿದ್ದರೂ ಅದರೊಳಗಿಡು. ಹಳೆಯ ಎಕ್ಸ್‌ರೇ ಫಿಲ್ಮನ್ನು ಮಾತ್ರ ಮಡಚಬೇಡ.

ಆ ನೋಟ್‌ಬುಕ್ ಹಿಡಿದು ಮೊದಲು ದೇವದುರ್ಗದ ತಾಲೂಕು ಆಸ್ಪತ್ರೆಗೆ ಹೋಗು. ಕಫವನ್ನು ಮತ್ತೊಮ್ಮೆ ಪರೀಕ್ಷೆಗೆ ಕೊಡಿಸು. ಬರೀ ಸೂಕ್ಷ್ಮದರ್ಶಕದಲ್ಲಿ ನೋಡುವುದಲ್ಲ, ಕ್ರಿಮಿಯ ವಂಶಾಂಶವನ್ನೇ ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಆಗಬೇಕು ಎಂದು ಕೇಳು. ಕ್ಷಯ ನಿರ್ಮೂಲನಾ ಕಾರ್ಯಕ್ರಮದಲ್ಲಿ ಇದು ಉಚಿತ. ಊದುವ ಪರೀಕ್ಷೆ ಇದರ ನಂತರವೇ ಆಗಲಿ, ಕ್ಷಯ ಇದ್ದವರು ಊದಿದರೆ ಸುತ್ತಲಿನವರಿಗೆ ಹರಡುತ್ತದೆ. ಅಲ್ಲಿಂದ ರೆಫರಲ್ ಚೀಟಿ ಬರೆಸಿಕೊಂಡು ಗಬ್ಬೂರು ಮೇಲೆ ರಾಯಚೂರಿನ ಬಸ್ ಹಿಡಿ, ಅಲ್ಲಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನ ಎದೆರೋಗ ವಿಭಾಗಕ್ಕೆ ಹೋಗು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ತನಕ ಚಿಕಿತ್ಸೆಯ ನೆರವಿದೆ, ಆ ರೆಫರಲ್ ಚೀಟಿ ಅದಕ್ಕೂ ಬೇಕಾಗುತ್ತದೆ. ರಿಮ್ಸ್‌ನಲ್ಲಿ ಹೊಸ ಎಕ್ಸ್‌ರೇ, ಊದುವ ಪರೀಕ್ಷೆ, ಬೆರಳಿಗೆ ಕ್ಲಿಪ್ ಹಾಕಿ ಆರು ನಿಮಿಷ ನಡೆಸಿ ಆಮ್ಲಜನಕ ಇಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ, ಇಷ್ಟಾದರೆ ಮುಕ್ಕಾಲು ಪಾಲು ಚಿತ್ರ ಸಿಕ್ಕ ಹಾಗೆ. ಸಂಶಯ ಉಳಿದರೆ ಅವರೇ ಎಚ್‌ಆರ್‌ಸಿಟಿ ಎಂಬ ಸಿಟಿ ಸ್ಕ್ಯಾನ್ ಬರೆಯುತ್ತಾರೆ. ಅದಕ್ಕೆ ವಿಕಿರಣ ಇದೆ ಎಂದು ಅಣ್ಣ ಹೆದರಿಸಿದರೆ ಹೆದರಬೇಡ, ಐವತ್ತೆರಡು ವಯಸ್ಸಿನವರಿಗೆ ಕಾರಣವಿದ್ದು ಮಾಡುವ ಒಂದು ಸಿಟಿ ದೊಡ್ಡ ಮಾತಲ್ಲ. ಇದಕ್ಕೂ ಮೇಲಿನ ತಪಾಸಣೆ ಬೇಕೆಂದು ಅವರೇ ಹೇಳಿದರೆ ಬೆಂಗಳೂರಿನಲ್ಲಿ ಸರ್ಕಾರದ್ದೇ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಹೋಗುವುದಾದರೆ ಅಲ್ಲಿಗೆ ಹೋಗು, ಸ್ಕ್ಯಾನಿಂಗ್ ಸೆಂಟರಿಗಲ್ಲ.

ರಾಯಚೂರಿಗೆ ಏಮ್ಸ್ ಬೇಕೆಂದು 2022ರಿಂದ ಧರಣಿ ನಡೆದಿದೆ, ಬರಲೇಬೇಕು ಎನ್ನುವವರಲ್ಲಿ ನಾನೂ ಒಬ್ಬಳು. ಆದರೆ ಗುಳೆ ಹೋಗಿ ಬಂದವರಿಂದಲೇ ತುಂಬಿರುವ ಈ ಸೀಮೆಯ ಪ್ರತಿ ತಾಲೂಕು ಆಸ್ಪತ್ರೆಯಲ್ಲೂ ಒಂದು ಊದುವ ಯಂತ್ರ, ಊದಿಸಲು ತರಬೇತಿ ಪಡೆದ ಒಬ್ಬರು ಇರಲಿ ಎಂಬ ಸಣ್ಣ ಬೇಡಿಕೆಗೆ ಪೆಂಡಾಲು ಹಾಕಿದವರನ್ನು ನಾನು ಕಂಡಿಲ್ಲ.

ಮುಂದೆ ಯಾವಾಗಲಾದರೂ, ಸೊಂಟಕ್ಕೋ ತಲೆಗೋ, ಅಪ್ಪನಿಗೆ ಎಂಆರ್‌ಐ ಮಾಡಿಸಬೇಕಾಗಿ ಬಂದರೆ ಒಂದು ವಿಷಯ ಮರೆಯದೆ ಹೇಳು. ಕಟಿಂಗ್, ಗ್ರೈಂಡಿಂಗ್ ಮಾಡಿದವರ ಕಣ್ಣಲ್ಲಿ ಕಬ್ಬಿಣದ ಚೂರು ಹೊಕ್ಕು ಕೂತಿರುವುದುಂಟು. ಆ ಅಯಸ್ಕಾಂತದ ಹತ್ತಿರ ಅದು ಅಲುಗಾಡಿದರೆ ಕಣ್ಣೇ ಹೋಗಬಹುದು. ಎಂದಾದರೂ ಕಣ್ಣಿಗೆ ಚೂರು ಸಿಡಿದಿದ್ದರೆ ಮೊದಲು ಕಣ್ಣಿನ ಎಕ್ಸ್‌ರೇ ಆಗಬೇಕು.

ಸಿಲಿಕೋಸಿಸ್ ಎಂದೇ ತೀರ್ಮಾನವಾದರೆ? ಮುಚ್ಚಿಟ್ಟು ಹೇಳುವುದಿಲ್ಲ. ಒಳಗೆ ಕೂತ ಧೂಳನ್ನು ತೆಗೆಯುವ ಔಷಧಿ ಇಲ್ಲ, ಆದ ಗಾಯ ಹಿಂದೆ ಸರಿಯುವುದಿಲ್ಲ. ಯಾರಾದರೂ ಪುಪ್ಪಸ ತೊಳೆಯುವ ಕಷಾಯ ಇದೆ ಎಂದರೆ ನಮಸ್ಕಾರ ಹೇಳಿ ಎದ್ದು ಬಾ. ಆದರೆ ಮಾಡಲು ಏನೂ ಇಲ್ಲ ಎಂದೂ ಅಲ್ಲ. ನಾಳ ಕಿರಿದಾಗಿದ್ದರೆ ಎಳೆಯುವ ಔಷಧಿಯಿಂದ ಉಸಿರು ಹಗುರವಾಗುತ್ತದೆ. ಅದು ಚಟ ಹಿಡಿಸುತ್ತದೆ ಎಂಬುದು ಸುಳ್ಳು. ಬೀಡಿ ಇದ್ದರೆ ಇವತ್ತೇ ಬಿಡಬೇಕು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಹಾಕಿಸಬೇಕು. ದಮ್ಮು ಬರುತ್ತದೆಂದು ಕೂತೇ ಇದ್ದರೆ ಕಾಲಿನ ಶಕ್ತಿ ಕುಂದಿ ದಮ್ಮು ಇನ್ನೂ ಹೆಚ್ಚುತ್ತದೆ, ಹಾಗಾಗಿ ವೈದ್ಯರು ಹೇಳಿದಷ್ಟು ದಿನಾ ನಡೆಯಬೇಕು. ಕೆಮ್ಮು ಹೆಚ್ಚಾದಾಗ, ಜ್ವರ ಬಂದಾಗ, ತೂಕ ಇಳಿದಾಗ ಪ್ರತಿ ಸಲವೂ ಕ್ಷಯದ ಪರೀಕ್ಷೆ ಆಗಬೇಕು. ಎಲ್ಲಕ್ಕಿಂತ ಮುಖ್ಯ, ಅಪ್ಪ ಕಲ್ಲಿನ ಧೂಳಿಗೆ ವಾಪಸ್ ಹೋಗಬಾರದು. ವೈದ್ಯರು ಬರೆದುಕೊಟ್ಟ ರೋಗದ ಹೆಸರನ್ನು ಜೋಪಾನ ಮಾಡು. ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ ಕೆಲಸದಿಂದ ಬರುವ ರೋಗಗಳ ಪಟ್ಟಿ ಇದೆ, ಅದರಲ್ಲಿ ಸಿಲಿಕೋಸಿಸ್ ಇದೆ. ಮೇಸ್ತ್ರಿ ಕೈ ಎತ್ತುತ್ತಾನೆ, ಗೊತ್ತಿದ್ದದ್ದೇ. ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗು, ರಾಯಚೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹಣ ಇಲ್ಲದೆ ವಕೀಲರ ನೆರವು ಸಿಗುತ್ತದೆ. ಅಲ್ಲಿ ನಿನ್ನ ನೋಟ್‌ಬುಕ್ಕಿಗೆ ಬೆಲೆ ಬರುತ್ತದೆ.

ಮಾನ್ವಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ, ರಾಯಚೂರಿನ ಹತ್ತಿ ಜಿನ್ನಿಂಗ್‌ಗಳಲ್ಲಿ ದುಡಿಯುವವರೂ ಇದನ್ನು ಓದುತ್ತಿರಬಹುದು. ಅವರ ಧೂಳು ಬೇರೆ, ರೋಗ ಬೇರೆ, ಆದರೆ ಮೊದಲ ಪರೀಕ್ಷೆ ಇದೇ ಊದುವುದು. ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಉರಿಸಿ ಇಡೀ ಆಯುಷ್ಯ ಒಲೆ ಊದಿದ ಅವ್ವಂದಿರಿಗೂ ಅಷ್ಟೇ. ನಿಮ್ಮವ್ವ ಕೆಮ್ಮುತ್ತಾರೇನು? ನೀನು ಬರೆದಿಲ್ಲ. ಅಪ್ಪನ ಜೊತೆ ಅವರನ್ನೂ ಊದಿಸಿಕೊಂಡು ಬಾ.

ಇನ್ನು ನಿನ್ನ ತಮ್ಮ. ಹೋಗಬೇಡ ಎಂದು ಹೇಳುವುದು ನನಗೆ ಸುಲಭ, ಮನೆ ನಡೆಯಬೇಕಾದದ್ದು ನಿಮಗೆ. ಹೊರಡುವ ಮೊದಲು ಅವನನ್ನೂ ರಾಯಚೂರಿಗೆ ಕರೆದುಕೊಂಡು ಹೋಗು. ಅಪ್ಪ ಊದುವುದನ್ನು, ಆರು ನಿಮಿಷ ನಡೆಯುವುದನ್ನು ಅವನು ಕಣ್ಣಾರೆ ನೋಡಲಿ. ಅಪ್ಪನ ಜೊತೆ ದುಡಿದವರಲ್ಲಿ ಈಗ ಯಾರು ಹೇಗಿದ್ದಾರೆ ಎಂದು ಅಪ್ಪನ ಬಾಯಿಂದಲೇ ಕೇಳಲಿ. ಸೆಂಟ್ರಿಂಗ್, ಪ್ಲಂಬಿಂಗ್, ವೈರಿಂಗ್, ಕಟ್ಟಡದಲ್ಲಿ ಬೇರೆ ಕೆಲಸಗಳಿವೆ. ಮೊದಮೊದಲು ಕೂಲಿ ಕಡಿಮೆ ಸಿಗಬಹುದು. ಎಷ್ಟು ಹೇಳಿದರೂ ಕೇಳದೆ ಕಲ್ಲಿಗೇ ಹೋಗುತ್ತೇನೆ ಎಂದರೆ ಎರಡು ಶರತ್ತು ಹಾಕು. ಬ್ಲೇಡಿಗೆ ನೀರು ಬಿಟ್ಟು ಕೊಯ್ಯುವ ಕಡೆ ಮಾತ್ರ ಕೆಲಸ, ಒಣ ಕಟಿಂಗ್ ಮಾಡುವಲ್ಲಿ ಒಂದು ದಿನವೂ ನಿಲ್ಲಬಾರದು. ಮುಖಕ್ಕೆ ಕಟ್ಟುವ ಟವೆಲ್ ಆ ಸಣ್ಣ ಕಣವನ್ನು ತಡೆಯುವುದಿಲ್ಲ, ಎನ್95 ಮಾಸ್ಕಾದರೂ ಬೇಕು, ಅದೂ ಮೂಗಿನ ಮೇಲೆ ಸಂದಿಲ್ಲದೆ ಕೂರಬೇಕು. ಹೋಗುವ ಮೊದಲು ಅವನೂ ಒಮ್ಮೆ ಊದಲಿ, ಬಂದ ಅಂಕಿಯನ್ನು ಅದೇ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡು. ಮುಂದಿನ ವರ್ಷ ಜಾತ್ರೆಗೆ ಊರಿಗೆ ಬಂದಾಗ ಮತ್ತೆ ಊದಿಸಿ ಪಕ್ಕದಲ್ಲಿ ಬರೆ. ಎರಡನೆಯ ಅಂಕಿ ಗಮನಕ್ಕೆ ಬರುವಷ್ಟು ಇಳಿದಿದ್ದರೆ ಅವನು ಮತ್ತೆ ಬಸ್ ಹತ್ತುವ ಮೊದಲು ರಿಮ್ಸ್‌ಗೆ ಕರೆದೊಯ್ಯಿ.